ರೋಹನ್ ಬೋಪಣ್ಣ: ಬಿಡದ ಛಲಕ್ಕೊಂದು ಗೌರವ



ನಮ್ಮ ಕೊಡಗಿನ ರೋಹನ್ ಬೋಪಣ್ಣ 2025ರ ನವೆಂಬರ್ 1ರಂದು ಟೆನಿಸ್‌ಗೆ ವಿದಾಯ ಹೇಳಿದರು. 2010ರಲ್ಲಿ ಅವರು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿಯವರೊಂದಿಗೆ ಅಮೆರಿಕನ್ ಓಪನ್ ಫೈನಲ್ ತಲುಪಿದ್ದರು. ಯುದ್ಧ ನಿಲ್ಲಲಿ, ಆಟ ನಡೆಯಲಿ ಎಂಬುದೇ ಆ ಜೋಡಿಯ ಸಂದೇಶವಾಗಿತ್ತು.

2021ರಲ್ಲಿ ಸೋಲಿನ ಮೇಲೆ ಸೋಲು, ಜೊತೆಗೆ ಮೊಣಕಾಲು ನೋವು. ಆಟ ಬಿಡುವ ಯೋಚನೆಯೂ ಬಂದಿತ್ತು. ಆದರೂ ಬಿಡಲಿಲ್ಲ, ಯೋಗಾಭ್ಯಾಸದಿಂದ ಕಾಲಿಗೆ ಬಲ ತಂದುಕೊಂಡರು. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು. ಬೆಂಗಳೂರಿನಲ್ಲಿ ಮಕ್ಕಳಿಗಾಗಿ ಟೆನಿಸ್ ಅಕಾಡೆಮಿಯನ್ನೂ ಕಟ್ಟಿದ್ದಾರೆ.

ವಿದ್ಯಾರ್ಥಿಗಳೇ, ಒಂದು ಪರೀಕ್ಷೆ ಕೈಕೊಟ್ಟಿತೆಂದು ಪುಸ್ತಕ ಮುಚ್ಚಬೇಡಿ. ಹಿರಿಯರೇ, ಅಂಥ ಮಗುವನ್ನು ಶಾಲೆ ಬಿಡಿಸಬೇಡಿ. ಅದಕ್ಕೆ ಇನ್ನೊಂದು ಅವಕಾಶ ಕೊಡೋಣ. ಬೋಪಣ್ಣನವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.