ಆಟಕ್ಕೆ ಕೊನೆ ಹಾಕುವವರು ನೀವು



ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಿಮ್ಮಲ್ಲಿ ಹಲವರು ಕಂಪ್ಯೂಟರ್‌ನಲ್ಲಿ ಯುದ್ಧದ ಆಟ ಆಡುತ್ತೀರಿ. ಬೈಯಲು ನಾನು ಬಂದಿಲ್ಲ. 'ಮೌಂಟ್ ಅಂಡ್ ಬ್ಲೇಡ್' ಆಟವನ್ನೇ ನೋಡಿ. ಟರ್ಕಿಯ ಅಂಕಾರಾದಲ್ಲಿ ಯಾವುಜ್ ದಂಪತಿ ತಯಾರಿ ಆರಂಭಿಸಿದ ಈ ಆಟ 2008ರಲ್ಲಿ ಬಿಡುಗಡೆಯಾಯಿತು. ಅದು ಮಧ್ಯಯುಗದ ಒಂದು ಕಲ್ಪಿತ ದೇಶ. ಅಲ್ಲಿ ವ್ಯಾಪಾರಿಯಾಗಬಹುದು, ರಾಜನ ಸಾಮಂತನೂ ಆಗಬಹುದು; ಇಂಥದ್ದೇ ಗುರಿ ಎಂದಿಲ್ಲ.

ಹೊಸಬರು ಮೊದಲ ದಿನವೇ ದೊಡ್ಡ ಸೈನ್ಯವನ್ನು ಕೆಣಕಿ ಸೋಲುತ್ತಾರೆ. ತಿಳಿದವರು ಹಳ್ಳಿಯಲ್ಲಿ ನಾಲ್ಕು ಜನರನ್ನು ಸೇರಿಸಿಕೊಂಡು, ಸಣ್ಣ ಕಳ್ಳರ ಗುಂಪನ್ನು ಎದುರಿಸಿ ಪಳಗುತ್ತಾರೆ. ಸಂಬಳಕ್ಕೂ ಊಟಕ್ಕೂ ಹಣ ಉಳಿಸುತ್ತಾರೆ. ಓದಿಗೂ ಇದೇ ದಾರಿ.

ಆದರೆ ಗುರಿಯಿಲ್ಲದ ಆಟ ತಾನಾಗಿ ಮುಗಿಯುವುದಿಲ್ಲ. ಆಟದಲ್ಲಿ ಸೋತರೆ ಮತ್ತೆ ಶುರುಮಾಡಬಹುದು. ಕಳೆದುಹೋದ ಪರೀಕ್ಷೆಯ ವರ್ಷ ಮರಳದು. ಆದ್ದರಿಂದ ಕೂರುವ ಮೊದಲೇ ಏಳುವ ಹೊತ್ತನ್ನು ಗೊತ್ತುಮಾಡಿಕೊಳ್ಳಿ.