ಟ್ರಯಲ್ ಕಾಗದಕ್ಕೆ ಸಹಿ ಹಾಕೋ ಮುಂಚೆ

ಉಜ್ಜಿನಿ, ಕೊಟ್ಟೂರು, ಹರಪನಹಳ್ಳಿ ಕಡೆ ಬ್ಲಡ್ ಕ್ಯಾನ್ಸರ್ ಅಂತ ಗೊತ್ತಾದ್ರೆ ಬಹಳ ಮಂದಿ ರಾತ್ರಿ ಬಸ್ ಹತ್ತಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗ್ತಾರೆ. ಕೀಮೊ ಮುಗೀತು, ಕಾಯಿಲೆ ತಿರುಗಿ ಬಂತು ಅನ್ರಿ. ಆಗ ಡಾಕ್ಟರು, "ಹೊಸ ಔಷಧದ ಟ್ರಯಲ್ ಐತಿ, ಸೇರ್ತೀರೇನು?" ಅಂದ್ರೆ ಮನೆಯೊಳಗೇ ಜಗಳ. ಮಗ, ಇದೇ ಕೊನೇ ದಾರಿ ಅಂತಾನೆ. ಮಾವ, ನಮ್ಮನ್ನೇನು ಇಲಿ ಅಂದ್ಕೊಂಡಾರಾ ಅಂತಾನೆ.

ಟ್ರಯಲ್‌ನ ಮೊದಲ ಹಂತದಲ್ಲಿ ಮುಖ್ಯವಾಗಿ ನೋಡೋದು, ಎಷ್ಟು ಡೋಸನ್ನ ಮೈ ತಡ್ಕೊಳ್ತದೆ ಅಂತ. ವಾಸಿಯಾಗೋ ಲೆಕ್ಕ ಮುಂದಿನ ಹಂತಗಳದ್ದು. ಕ್ಯಾನ್ಸರ್ ಔಷಧ ಬಹಳ ಉಗ್ರ, ಅದಕ್ಕೇ ಸಾಮಾನ್ಯವಾಗಿ ಆರೋಗ್ಯವಂತರಿಗೆ ಕೊಡಲ್ಲ; ಬೇರೆ ಚಿಕಿತ್ಸೆ ಫಲಿಸದ ರೋಗಿಗಳನ್ನೇ ಕೇಳ್ತಾರೆ. ಹಳೇ ಪದ್ಧತಿ ಹೀಗೈತಿ: ಮೂರು ಜನಕ್ಕೆ ಸಣ್ಣ ಡೋಸ್. ಯಾರಿಗೂ ದೊಡ್ಡ ತೊಂದರೆ ಆಗಲಿಲ್ಲ ಅಂದ್ರೆ, ಬೇರೆ ಮೂವರಿಗೆ ಹೆಚ್ಚಿನ ಡೋಸ್. ಒಬ್ಬರಿಗೆ ಆದ್ರೆ ಅದೇ ಡೋಸ್ ಇನ್ನೂ ಮೂವರಿಗೆ. ಇಬ್ಬರಿಗೆ ಆಯ್ತೋ, ಏರಿಸೋದು ಅಲ್ಲಿಗೇ ನಿಂತಿತು. ಅಂದ್ರೆ ಮೊದಲು ಸೇರಿದವರಿಗೆ ಸಿಗೋದು ಕೆಲಸ ಮಾಡದಷ್ಟು ಕಮ್ಮಿ ಡೋಸೂ ಇರಬಹುದು. ಇದನ್ನ ಬಿಡಿಸಿ ಹೇಳದೆ ಸಹಿ ಕೇಳೋದು ಸರಿಯಲ್ಲ ಅಂತ ನನ್ನ ಮಾತು.

ಹಂಗಂತ ಟ್ರಯಲ್ ದಂಡದ ಕೆಲಸ ಅಲ್ಲ. ಸ್ಪೇನಿನ ಬಾರ್ಸಿಲೋನಾದ ಆಸ್ಪತ್ರೆಯೊಂದು ರೋಗಿಯದೇ ರಕ್ತದಿಂದ, ರೋಗದ ಜೊತೆ ಹೋರಾಡೋ ಟಿ-ಕಣ ತೆಗೆದು, ಕ್ಯಾನ್ಸರ್ ಗುರುತಿಸೋ ಹಾಗೆ ತಿದ್ದಿ, ತಿರುಗಿ ಅವರಿಗೇ ಹನಿಸೋ ಕಾರ್-ಟಿ ಚಿಕಿತ್ಸೆ ಮಾಡ್ತು. ಮೊದಮೊದಲು ಒಂದೇ ಸಲಕ್ಕೆ ಪೂರ್ತಿ ಕೊಟ್ರು. ಕೆಲವರಿಗೆ ಪ್ರತಿಕ್ರಿಯೆ ವಿಪರೀತ ಆಯ್ತು. ಅದರಿಂದ ಕಲಿತು, ಆಮೇಲೆ ಡೋಸನ್ನ ಶೇ 10, 30, 60 ಅಂತ ಒಡೆದು, ನಡುನಡುವೆ ರೋಗಿಯನ್ನ ನೋಡ್ಕೊಂತ ಕೊಟ್ರು. ಅದೇ ಚಿಕಿತ್ಸೆಯನ್ನ ಬೆಂಗಳೂರಿನ ಇಮ್ಯುನೀಲ್ ಕಂಪನಿ ತಂದು, ಇಲ್ಲೂ ಟ್ರಯಲ್ ಮಾಡಿ, 2025ರ ಜನವರಿಯಲ್ಲಿ ಲಿಂಫೋಮಾ ಅನ್ನೋ ಬ್ಲಡ್ ಕ್ಯಾನ್ಸರಿನ ರೋಗಿಗಳಿಗೆ ಬಿಡುಗಡೆ ಮಾಡ್ತು. ಬೆಲೆ ಮಾತ್ರ ನಮ್ಮಂಥವರ ಕೈಗೆಟುಕೋದಲ್ಲ, ಅದು ಬೇರೆ ಮಾತು.

ಈಗ ಕಾಗದಕ್ಕೆ ಬರೋಣ. ಔಷಧ ಟ್ರಯಲ್‌ಗಳ ಬಗ್ಗೆ ಇರೋ 2019ರ ನಿಯಮಗಳ ಪ್ರಕಾರ ಒಪ್ಪಿಗೆ ಕಾಗದ ನಿಮಗೆ ತಿಳಿಯೋ ಭಾಷೆಯಲ್ಲೇ ಇರಬೇಕು. ಓದಕ್ಕೆ ಬರಲ್ಲ ಅಂದ್ರೆ ಟ್ರಯಲ್‌ಗೆ ಸಂಬಂಧ ಇಲ್ಲದ ಸಾಕ್ಷಿ ಎದುರಿಗಿರಬೇಕು. ಟ್ರಯಲ್‌ನಿಂದ ತೊಂದರೆ ಆದ್ರೆ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. ಬ್ಯಾಡ ಅನಿಸಿದ್ರೆ ಅರ್ಧಕ್ಕೇ ಬಿಡಬಹುದು. ಬಿಟ್ರಿ ಅಂತ ನಿಮಗೆ ಮಾಮೂಲಿ ಚಿಕಿತ್ಸೆ ತಪ್ಪಿಸೋ ಹಾಗಿಲ್ಲ.

ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐನ ಸಂಖ್ಯೆ ಕೇಳ್ರಿ, ಫೋನಿನಲ್ಲೇ ನೋಡಬಹುದು. ಎಷ್ಟನೇ ಹಂತ, ನಮಗೆ ಯಾವ ಡೋಸ್, ನಮಗಿಂತ ಮುಂಚೆ ತಗೊಂಡವರಿಗೆ ಏನಾಯ್ತು, ಎಷ್ಟು ಸಲ ಬೆಂಗಳೂರಿಗೆ ಬರಬೇಕು, ಬಸ್ ಚಾರ್ಜು ಯಾರು ಕೊಡ್ತಾರೆ, ಇದನ್ನೂ ಕೇಳ್ರಿ. ಕಾಗದ ಮನೆಗೆ ಒಯ್ದು, ಓದಿದವರ ಕೈಲಿ ಓದಿಸಿ, ಆಮೇಲೆ ಹೂಂ ಅನ್ರಿ, ಇಲ್ಲಾ ಬ್ಯಾಡ ಅನ್ರಿ.