ಬೆನ್ನಿಗೆ ಸೂಜಿ ಅಂದ್ರೆ ಹೆದರ್ಬೇಕಾ?

ನಮ್ಮೂರು ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ, ತುಂಗಭದ್ರೆಯ ದಂಡೆ. ಹೋದ ವರ್ಷ ನಮ್ಮವ್ವ ಹಿತ್ತಲಲ್ಲಿ ಜಾರಿಬಿದ್ದು ತೊಡೆಮೂಳೆ ಮುರ್ಕೊಂಡಳು. ಗದಗಿಗೆ ಕರ್ಕೊಂಡು ಹೋದ್ವಿ.

ಬೆನ್ನಿಗೆ ಇಂಜೆಕ್ಷನ್ ಅಂದಕೂಡ್ಲೇ ಅವ್ವ, "ಬ್ಯಾಡಪ್ಪಾ, ಆಮ್ಯಾಲೆ ಸಾಯೋತನಾ ನಡಾ ನೋಯ್ತೈತಂತ" ಅಂದಳು.

ಅರಿವಳಿಕೆ ಡಾಕ್ಟರು ಮಂಚದ ಪಕ್ಕ ನಿಂತು ಬಿಡಿಸಿ ಹೇಳಿದರು. ಸೊಂಟದ ಕೆಳಗಷ್ಟೇ ಮರಗಟ್ಟುತ್ತದೆ. ಸಾಮಾನ್ಯವಾಗಿ ಗಂಟಲಿಗೆ ಕೊಳವೆ ಹಾಕಬೇಕಿಲ್ಲ. ಆಪರೇಷನ್ ಮುಗಿದ ಮೇಲೂ ಕೆಲ ಗಂಟೆ ನೋವಿರಲ್ಲ. ಸೂಜಿ ಚುಚ್ಚಿದ ಜಾಗ ಕೆಲದಿನ ನೋಯಬಹುದು, ಜೀವನಪೂರ್ತಿ ಅಲ್ಲ.

ತೊಂದರೆಗಳನ್ನೂ ಮುಚ್ಚಿಡಲಿಲ್ಲ. ಬಿಪಿ ಇಳಿಯಬಹುದು, ಅದಕ್ಕೆ ಔಷಧಿ ಸಿದ್ಧ ಇರುತ್ತೆ. ಕೆಲವರಿಗೆ ಎದ್ದು ಕೂತರೆ ತಲೆನೋವು. 1898ರಲ್ಲಿ ಈ ವಿಧಾನ ಶುರುಮಾಡಿದ ಜರ್ಮನಿಯ ಆಗಸ್ಟ್ ಬಿಯರ್, ತಮ್ಮ ಮೇಲೇ ಪ್ರಯೋಗ ಮಾಡ್ಕೊಂಡು ಅದೇ ತಲೆನೋವು ಅನುಭವಿಸಿದ್ದರು! ನರಕ್ಕೆ ಪೆಟ್ಟಾಗೋದು ತೀರಾ ಅಪರೂಪ.

ಆಮೇಲೆ ಕೇಳಿದರು, "ಗುಳಿಗಿ ಏನಾರ ತಗೋತಾರೇನ್ರಿ?" ನಾನು "ಬಿಪಿದಷ್ಟೇ" ಅಂದೆ. ಅವ್ವ ಮೆಲ್ಲಗೆ ಚೀಲದಿಂದ ಇನ್ನೊಂದು ಗುಳಿಗೆ ಶೀಟು ತೆಗೆದಳು: "ಇದೂ ಒಂದೈತ್ರಿ, ಎದಿಗೆ."

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ಅದು. ಅಂಥದ್ದು ತಗೊಂಡಾಗ ಬೆನ್ನಿಗೆ ಚುಚ್ಚಿದರೆ ಒಳಗೆ ರಕ್ತ ಕಟ್ಟಿ, ನರ ಒತ್ತಿ, ಕಾಲೇ ಹೋಗಬಹುದು. ಮುರಿದ ಮೂಳೆಗೆ ಬಹಳ ದಿನ ಕಾಯೋ ಹಾಗೂ ಇಲ್ಲ. ಕೊನೆಗೆ ಪೂರ್ತಿ ಮಂಪರು ಕೊಟ್ಟೇ ಆಪರೇಷನ್ ಮಾಡಿದರು. ಅವ್ವ ಈಗ ಕೋಲು ಹಿಡಿದು ನಡೀತಾಳೆ.

ಅವ್ವ ಹೆದರಿದ್ದು ಸೂಜಿಗೆ. ಅಪಾಯ ಇದ್ದದ್ದು ನನ್ನ ಅರೆಬರೆ ಉತ್ತರದಲ್ಲಿ. ಇವತ್ತೇ ಮನೆ ಹಿರಿಯರ ಎಲ್ಲಾ ಗುಳಿಗೆಗಳ ಫೋಟೊ ತೆಗೆದು ಫೋನಲ್ಲಿಟ್ಕೊಳ್ಳಿ, ಡಾಕ್ಟರಿಗೆ ತೋರಿಸಿ. ನೀವಾಗೇ ಯಾವುದನ್ನೂ ನಿಲ್ಲಿಸಬೇಡಿ. ಬರ್ತೀನ್ರಿ.